ವ್ಯಂಗ್ಯಚಿತ್ರವೂ ನೋಡುವವನ ಹೊಣೆಯೂ

ಕಾವ್ಯವು ದೇಶಾಂತರಕ್ಕೆ ಹೋಗಬೇಕಾದರೆ ಅನುವಾದಕನ ನೆರವು ಬೇಕು. ವ್ಯಂಗ್ಯಚಿತ್ರಕ್ಕೆ ಆ ತೊಡಕಿಲ್ಲವೆಂಬುದು ಸಾಮಾನ್ಯ ನಂಬಿಕೆ. ನಾಲ್ಕು ಗೆರೆಗಳಲ್ಲಿ ಬರೆದ ಮುಖವನ್ನು ಅಕ್ಷರ ಬಾರದವನೂ ನೋಡಿ ನಗಬಲ್ಲನು. ಆದರೆ ಗೆರೆಗಳು ಕಡಲು ದಾಟಿ ಬಂದಷ್ಟು ಸುಲಭವಾಗಿ ಅವುಗಳ ಅರ್ಥವು ದಾಟಿ ಬರುವುದಿಲ್ಲ. ಕಲಾವಿದನು ತನ್ನ ನಾಡಿನ ಓದುಗರಿಗಾಗಿ ಆ ದಿನದ ಸುದ್ದಿಯನ್ನು ಕುರಿತು ಬರೆದುದನ್ನು ಅನ್ಯದೇಶದವರು ನೋಡುವಾಗ ನಡುವೆ ಎಷ್ಟೋ ಸಂಗತಿಗಳು ಕಳಚಿಹೋಗಿರುತ್ತವೆ. ಬೆರಳ ತುದಿಯಿಂದ ಕ್ಷಣಮಾತ್ರದಲ್ಲಿ ನೂರಾರು ಜನರಿಗೆ ಚಿತ್ರಗಳನ್ನು ಹಂಚುವ ಈ ಕಾಲದಲ್ಲಿ ಇದು ಕಲೆಯ ಪ್ರಶ್ನೆಯಾಗಿರುವಷ್ಟೇ ನೀತಿಯ ಪ್ರಶ್ನೆಯೂ ಆಗಿದೆ.

1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರ ಬಾಲ್ಯದ ಪ್ರಸಂಗವೊಂದು ಇಲ್ಲಿ ಸ್ಮರಣೀಯ. ‘ದಿ ಹಿಂದೂ’ ಪತ್ರಿಕೆಯಲ್ಲಿ ಆಗಾಗ ಅಚ್ಚಾಗುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಆ ಬಾಲಕನ ಮನಸ್ಸನ್ನು ಸೆರೆಹಿಡಿದಿದ್ದವು. ಇಂಗ್ಲಿಷಿನಲ್ಲಿದ್ದ ‘ಲೋ’ ಎಂಬ ಸಹಿಯನ್ನು ಅವರು ಬಹುಕಾಲ ‘ಕೌ’, ಅಂದರೆ ಹಸು, ಎಂದೇ ಓದಿಕೊಂಡಿದ್ದರಂತೆ. ಹೆಸರು ತಪ್ಪಿದರೂ ಗೆರೆಯ ಕಸುವು ಆ ಕಣ್ಣಿಗೆ ತಪ್ಪಲಿಲ್ಲ. ಮುಂದೆ ರಾ. ಶಿ. ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೆ ಚಿತ್ರ ಬರೆದ ಆ ಕೈಯೇ 1951ರಿಂದ ‘ಸಾಮಾನ್ಯ ಮನುಷ್ಯ’ನನ್ನು ದೇಶದ ಮುಂದೆ ನಿಲ್ಲಿಸಿತು. ಲೋ ಅವರಾದರೂ ನ್ಯೂಜಿಲೆಂಡಿನಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಹೆಸರು ಗಳಿಸಿ, 1919ರಲ್ಲಿ ಲಂಡನ್ನಿಗೆ ಬಂದು ನೆಲೆಸಿದವರು. ಪರನಾಡಿನ ಕಲೆಯನ್ನು ಕಂಡು ಸಂತೋಷಪಡುವುದಕ್ಕೆ ಪೂರ್ವಪರಿಚಯ ಬೇಕಾಗಿಲ್ಲ. ಅದರ ಅಭಿಪ್ರಾಯವನ್ನು ಕುರಿತು ತೀರ್ಪು ಕೊಡಬೇಕಾದರೆ ಮಾತ್ರ ಅದು ಅತ್ಯವಶ್ಯ.

ಲೋ ಅವರದೇ ಚಿತ್ರವೊಂದು ಇದಕ್ಕೆ ನಿದರ್ಶನ. 1939ರ ಸೆಪ್ಟೆಂಬರ್ 20ರಂದು ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಟೋಪಿ ತೆಗೆದು ಒಬ್ಬರಿಗೊಬ್ಬರು ಬಾಗಿ ವಂದಿಸುತ್ತಿದ್ದಾರೆ. ಅವರಿಬ್ಬರ ನಡುವೆ ನೆಲದ ಮೇಲೆ ಹೆಣವೊಂದು ಬಿದ್ದಿದೆ. ಟೋಪಿ ತೆಗೆಯುವುದು ಯುರೋಪಿನಲ್ಲಿ ಗೌರವದ ಕುರುಹು. ಆದರೆ ವಂದಿಸುತ್ತಿರುವ ಅವರ ಬಾಯಿಂದ ಬರುವ ಮಾತು ಬರಿಯ ಬೈಗುಳ. ಆ ತಿಂಗಳ 1ರಂದು ಜರ್ಮನಿಯೂ 17ರಂದು ಸೋವಿಯತ್ ಒಕ್ಕೂಟವೂ ಪೋಲೆಂಡಿನ ಮೇಲೆ ದಂಡೆತ್ತಿ ಹೋಗಿದ್ದವು; ಆ ಹೆಣವು ಪೋಲೆಂಡಿನದು. ಈ ದಿನಾಂಕಗಳನ್ನು ಅರಿಯದವನಿಗೆ ಇಬ್ಬರು ಶತ್ರುಗಳ ಸಮಾಗಮವಷ್ಟೇ ಕಂಡೀತು. ಅರಿತವನಿಗಾದರೋ ಒಂದು ನಾಡಿನ ದುರಂತವೇ ಕಾಣುತ್ತದೆ.

ಕೆಲವು ಸಂಕೇತಗಳು ಮಾತ್ರ ವಿವರಣೆಯ ಹಂಗಿಲ್ಲದೆ ಎಲ್ಲರಿಗೂ ತಿಳಿಯುತ್ತವೆ. ಅಮೆರಿಕದ ಥಾಮಸ್ ನಾಸ್ಟ್ 1874ರಲ್ಲಿ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಸಿಂಹದ ಚರ್ಮ ಹೊದ್ದ ಕತ್ತೆಯನ್ನು ಕಂಡು ಕಾಡಿನ ಪ್ರಾಣಿಗಳು ಹೆದರುವ ಚಿತ್ರವನ್ನು ಬರೆದನು. ಹುಲಿಯ ತೊಗಲು ಹೊದ್ದು ಮೇಯುತ್ತಿದ್ದ ಕತ್ತೆಯ ಕಥೆ ಭಾರತೀಯರಿಗೆ ಹೊಸದಲ್ಲ. ಜೈನ ಯತಿ ಪೂರ್ಣಭದ್ರನು 1199ರಲ್ಲಿ ಸಿದ್ಧಪಡಿಸಿದ ಪಂಚತಂತ್ರದ ಪಾಠದಲ್ಲಿಯೂ ಅದು ಇದೆ. ಆದುದರಿಂದ ಆ ಕತ್ತೆಯನ್ನು ಇಲ್ಲಿನ ಮಗುವೂ ಕಂಡೊಡನೆ ಗುರುತಿಸೀತು. ಅದೇ ಚಿತ್ರದಲ್ಲಿ ಬೆದರಿ ಮುಗ್ಗರಿಸುತ್ತಿರುವ ಆನೆಯ ವಿಷಯ ಹಾಗಲ್ಲ. ತೀರ್ಥಂಕರರ ಮಾತೆಯು ಕಂಡ ಶುಭಸ್ವಪ್ನಗಳಲ್ಲಿ ಆನೆಯನ್ನು ನೆನೆಯುವವರಿಗೆ ಅದು ಅಮೆರಿಕದ ರಿಪಬ್ಲಿಕನ್ ಪಕ್ಷದ ಮತದಾರರ ಸಂಕೇತವೆಂದು ತಾನಾಗಿ ಹೊಳೆಯಲಾರದು. ಒಂದೇ ಚೌಕಟ್ಟಿನೊಳಗೆ ಒಂದು ಪ್ರಾಣಿ ಪರಿಚಿತ, ಇನ್ನೊಂದು ಅಪರಿಚಿತ.

ಇಷ್ಟರವರೆಗಿನ ಅಜ್ಞಾನದಿಂದ ಯಾರಿಗೂ ಕೇಡಿಲ್ಲ. ಸ್ವಸ್ತಿಕದ ವಿಷಯಕ್ಕೆ ಬಂದಾಗ ಮಾತು ಗಂಭೀರವಾಗುತ್ತದೆ. ಬಸದಿಯಲ್ಲಿ ಅಕ್ಷತೆಯಿಂದ ರಚಿಸುವ ಸ್ವಸ್ತಿಕದ ನಾಲ್ಕು ತೋಳುಗಳು ನಾಲ್ಕು ಗತಿಗಳನ್ನೂ ಮೇಲಿನ ಮೂರು ಬಿಂದುಗಳು ರತ್ನತ್ರಯವನ್ನೂ ಸೂಚಿಸುತ್ತವೆ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಲ್ಲಿ ಅಂಗೀಕೃತವಾದ ಜೈನ ಪ್ರತೀಕದಲ್ಲಿಯೂ ಅದಕ್ಕೆ ಸ್ಥಾನವಿದೆ. ಯುರೋಪಿನ ಯುದ್ಧಕಾಲದ ವ್ಯಂಗ್ಯಚಿತ್ರಗಳಲ್ಲಿ ಅದನ್ನೇ ಹೋಲುವ ಗುರುತು ಕ್ರೌರ್ಯದ ಮುದ್ರೆಯಾಗಿದೆ. ನಾಜಿಗಳು 1920ರಲ್ಲಿ ಎತ್ತಿಕೊಂಡ ಆ ಗುರುತನ್ನು ಜರ್ಮನರು ‘ಕೊಕ್ಕೆಯ ಶಿಲುಬೆ’ ಎಂಬರ್ಥದ ಹೆಸರಿನಿಂದ ಕರೆದರು. ಅಂತಹ ಚಿತ್ರವನ್ನು ಕಂಡು ತನ್ನ ಧರ್ಮಕ್ಕೆ ಅಪಚಾರವಾಯಿತೆಂದು ನೊಂದುಕೊಳ್ಳುವ ಶ್ರಾವಕನೂ, ಜೈನರ ಮನೆಯ ಬಾಗಿಲಲ್ಲಿ ಸ್ವಸ್ತಿಕವನ್ನು ಕಂಡು ನಡುಗುವ ಯಹೂದಿ ವೃದ್ಧೆಯೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ನೋವೂ ನಿಜ. ಇಬ್ಬರಿಗೂ ತಿಳಿಯಬೇಕಾದುದು ಮಾತ್ರ ಉಳಿದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2022ರಲ್ಲಿ ದ್ವೇಷದ ಸಂಕೇತಗಳನ್ನು ಕುರಿತ ತನ್ನ ಕಾನೂನನ್ನು ತಿದ್ದಿದಾಗ ನಾಜಿಗಳ ಗುರುತಿಗೂ ಹಿಂದೂ, ಬೌದ್ಧ, ಜೈನರ ಸ್ವಸ್ತಿಕಕ್ಕೂ ಇರುವ ಭೇದವನ್ನು ಮಾನ್ಯಮಾಡಿತು. ಪರಸ್ಪರ ವಿವರಿಸಿ ಹೇಳುವ ತಾಳ್ಮೆಗೆ ದೊರೆತ ಫಲವಿದು.

ತಾಳ್ಮೆಗೆಟ್ಟಲ್ಲಿ ಏನಾಗುವುದೆಂಬುದಕ್ಕೂ ಉದಾಹರಣೆಯಿದೆ. 2005ರ ಸೆಪ್ಟೆಂಬರ್ 30ರಂದು ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರವಾದಿ ಮುಹಮ್ಮದರನ್ನು ಕುರಿತ 12 ಚಿತ್ರಗಳನ್ನು ಪ್ರಕಟಿಸಿತು. ಅವುಗಳಿಂದ ಅನೇಕ ಮುಸ್ಲಿಮರ ಮನಸ್ಸು ನೊಂದಿತು. ಬಳಿಕ ಆ ಚಿತ್ರಗಳು ಪಶ್ಚಿಮ ಏಷ್ಯಾಕ್ಕೆ ಹೋದಾಗ, ಪತ್ರಿಕೆಯಲ್ಲಿ ಅಚ್ಚಾಗದೆ ಇದ್ದ ಮತ್ತಷ್ಟು ಕೀಳಾದ ಚಿತ್ರಗಳೂ ಅವುಗಳ ಜೊತೆ ಸೇರಿದ್ದವು. ಅವುಗಳಲ್ಲಿ ಒಂದಂತೂ ಫ್ರಾನ್ಸಿನ ಹಳ್ಳಿಯ ಜಾತ್ರೆಯಲ್ಲಿ ಹಂದಿಯಂತೆ ಕೂಗುವ ಸ್ಪರ್ಧೆಯಲ್ಲಿ ಭಾಗವಹಿಸಿದವನ ಛಾಯಾಚಿತ್ರ! 2006ರ ಆರಂಭದಲ್ಲಿ ಹಲವು ದೇಶಗಳಲ್ಲಿ ನಡೆದ ಗಲಭೆಗಳಲ್ಲಿ ಜನರು ಪ್ರಾಣ ತೆತ್ತರು. 2015ರ ಜನವರಿ 7ರಂದು ಪ್ಯಾರಿಸ್ಸಿನ ‘ಶಾರ್ಲಿ ಎಬ್ದೊ’ ಪತ್ರಿಕೆಯ ಮೇಲೆ ನಡೆದ ದಾಳಿಯಲ್ಲಿ 12 ಮಂದಿ ಹತರಾದರು. ಚಿತ್ರವು ಎಷ್ಟೇ ನೋಯಿಸಲಿ, ಹತ್ಯೆಯು ಅದಕ್ಕೆ ಉತ್ತರವಾಗಲಾರದು. ಆದರೂ ಕಿಡಿಯನ್ನು ಕೈಯಿಂದ ಕೈಗೆ ದಾಟಿಸುವವನು ‘ನಾನು ಬರೆದವನಲ್ಲ’ ಎಂದು ನುಣುಚಿಕೊಳ್ಳುವಂತಿಲ್ಲ.

ಹಿನ್ನೆಲೆಯನ್ನು ಅರಿತರೆ ಎಲ್ಲ ಚಿತ್ರಗಳೂ ಕ್ಷಮಾರ್ಹವಾಗುತ್ತವೆಯೇ? ಹಾಗೆಂದು ಭಾವಿಸುವುದೂ ಸಲ್ಲದು. ಯೂಲಿಯಸ್ ಸ್ಟ್ರೈಖರನ ‘ಡೆರ್ ಸ್ಟ್ಯೂರ್ಮರ್’ ಪತ್ರಿಕೆಯು ಯಹೂದ್ಯರನ್ನು ವಿಕಾರವಾಗಿ ಚಿತ್ರಿಸುತ್ತ ವರ್ಷಗಟ್ಟಲೆ ಜನಮನದಲ್ಲಿ ವಿಷವನ್ನು ಬಿತ್ತಿತು. ಅದರ ಹಿನ್ನೆಲೆಯನ್ನು ಅರಿತಷ್ಟೂ ಅಪರಾಧವು ಹೆಚ್ಚು ಸ್ಪಷ್ಟವಾಗುತ್ತದೆ. ಲೋ ಅವರ ನಗೆಯು ದಂಡೆತ್ತಿ ಬಂದ ಬಲಶಾಲಿಗಳ ಕಡೆಗೆ ತಿರುಗಿತ್ತು. ಸ್ಟ್ರೈಖರನ ನಗೆಯು ಬೀದಿಯಲ್ಲಿ ಹೊಡೆತ ತಿನ್ನುತ್ತಿದ್ದವರ ಕಡೆಗೆ. ಅರ್ಥಮಾಡಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದೆಂದಲ್ಲ. ಖಂಡಿಸಬೇಕಾದುದನ್ನೂ ತಿಳಿದೇ ಖಂಡಿಸಬೇಕು.

2006ರ ಅಕ್ಟೋಬರಿನಲ್ಲಿ ಕೋಫಿ ಅನ್ನಾನ್ ಮತ್ತು ಫ್ರೆಂಚ್ ವ್ಯಂಗ್ಯಚಿತ್ರಕಾರ ಪ್ಲಾಂಟು ಅವರು ವಿಶ್ವಸಂಸ್ಥೆಯಲ್ಲಿ ನಾನಾ ದೇಶಗಳ ವ್ಯಂಗ್ಯಚಿತ್ರಕಾರರನ್ನು ಒಂದೆಡೆ ಸೇರಿಸಿದರು. ಒಬ್ಬರ ಗೆರೆಯನ್ನು ಇನ್ನೊಬ್ಬರು ಕೇಳಿ ತಿಳಿಯಲಿ ಎಂಬುದೇ ಅದರ ಆಶಯ. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ವ್ಯಂಗ್ಯಚಿತ್ರ ಗ್ಯಾಲರಿಯಲ್ಲಿಯೂ ಪರದೇಶದ ಕಲಾವಿದರ ಚಿತ್ರಗಳು ಪ್ರದರ್ಶಿತವಾಗಿವೆ. ಮಕ್ಕಳನ್ನು ಅಂತಹ ಕಡೆಗೆ ಕರೆದೊಯ್ದು, ನಕ್ಕ ಮೇಲೆ ‘ಇದನ್ನು ಯಾವ ದೇಶದಲ್ಲಿ, ಯಾವಾಗ, ಯಾರನ್ನು ಕುರಿತು ಬರೆದರು?’ ಎಂದು ಕೇಳುವ ಅಭ್ಯಾಸವನ್ನು ಹಿರಿಯರು ಬೆಳೆಸಬಹುದು. ಬಂದ ಚಿತ್ರವೊಂದನ್ನು ಮತ್ತೊಬ್ಬರಿಗೆ ಕಳುಹಿಸುವಾಗಲೂ ಇದೇ ಪ್ರಶ್ನೆಗೆ ಉತ್ತರವನ್ನು ಜೊತೆಯಲ್ಲಿ ಕಳುಹಿಸುವುದು ಉಚಿತ. ಉತ್ತರ ತಿಳಿಯದಿದ್ದರೆ ತಿಳಿಯುವ ತನಕ ಅದನ್ನು ತನ್ನಲ್ಲಿಯೇ ಇರಿಸಿಕೊಳ್ಳಬೇಕು. ನೀರನ್ನು ಸೋಸಿ ಕುಡಿಯುವ ಮನೆಯವರಿಗೆ ಇದು ಕಷ್ಟವಾದ ವ್ರತವೇನೂ ಅಲ್ಲ.