ಹಾರ್ನ್ ಗುಂಡಿಯ ಪ್ರಸಂಗ

ನಮ್ಮಲ್ಲಿ ಒಂದು ಯೆಜ್ಡಿ ಮೋಟಾರ್ ಸೈಕಲ್ ಇದೆ. ನಮ್ಮ ತೀರ್ಥರೂಪರು ೧೯೮೪ರಲ್ಲಿ ಮೈಸೂರಿನಲ್ಲಿ ಕೊಂಡದ್ದು. ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿಯನ್ನು ಅದೇ ಊರಿನಲ್ಲಿ ಕೊಂಡೆನೆಂಬ ಹೆಮ್ಮೆ ಅವರಿಗೆ ಈಗಲೂ ಇಳಿದಿಲ್ಲ. ಆ ಕಾರ್ಖಾನೆ ೧೯೯೬ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ನಮ್ಮೊಡನೆ ಪುಣೆಗೆ ಬಂದು, ಮಹಾರಾಷ್ಟ್ರದ ನಂಬರು ಹೊತ್ತು, ಇನ್ನೂ ಓಡುತ್ತಿದೆ. ಕಿಕ್ ಹೊಡೆಯುವ ಕಡ್ಡಿಯೇ ಮಡಚಿಕೊಂಡು ಗೇರಿನ ಕಡ್ಡಿಯಾಗುವ ಅದರ ಚಮತ್ಕಾರ ನೋಡಲು ಕಟ್ಟಡದ ಹುಡುಗರು ಕೆಳಗೆ ಇಳಿದುಬರುವುದುಂಟು.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ೨೦೨೪ರಲ್ಲಿ ಮತ್ತೆ ಆ ಸರದಿ ಬಂತು. ತಪಾಸಣೆಗೆ ಒಂಬತ್ತು ದಿನ ಉಳಿದಿರುವಾಗ ಯಾರೋ ಪುಣ್ಯಾತ್ಮರು ತಮ್ಮ ಸ್ಕೂಟರ್ ಹೊರಗೆಳೆಯುವ ಭರದಲ್ಲಿ ನಮ್ಮ ಗಾಡಿಯನ್ನು ಕೆಡವಿ ಹೋದರು. ಎಡಗೈ ಹಿಡಿಯ ಪಕ್ಕದ ಸ್ವಿಚ್ಚಿನ ಡಬ್ಬಿ ಎರಡು ಹೋಳಾಯಿತು. ಹಾರ್ನಿನ ಗುಂಡಿ ಕಿತ್ತುಬಂತು.

"ಕೊಟ್ಟುಬಿಡಿ ಅಂತ ಎರಡು ವರ್ಷದಿಂದ ಹೇಳ್ತಾ ಇದೀನಿ" ಎಂದರು ನಮ್ಮಾಕೆ. ಮಗ, "ಅಪ್ಪಾ, ಗೋಲ್ಡ್ ವಿಂಗ್ ಗಾಡೀಲಿ ಹಾಡು ಬದಲಾಯಿಸೋಕೂ ಹ್ಯಾಂಡಲಲ್ಲೇ ಬಟನ್ ಇರತ್ತೆ. ನಮ್ಮದರಲ್ಲಿ ಇದ್ದದ್ದು ಒಂದೇ ರಾಗ, ಅದೂ ಹೋಯ್ತು" ಎಂದು ನಕ್ಕ. ತೀರ್ಥರೂಪರು ಏನೂ ಹೇಳಲಿಲ್ಲ. ನಮ್ಮ ತಾಯಿಯವರು ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಅದೇ ಗಾಡಿಯ ಹಿಂದಿನ ಸೀಟಿನಲ್ಲಿ. ಆಟೋ ಬೇಡವೆಂದು ಅವರೇ ಹಟ ಹಿಡಿದಿದ್ದರು. ಗಾಡಿ ತಪಾಸಣೆಯಲ್ಲಿ ತಪ್ಪಿ ಗುಜರಿಗೆ ಹೋದರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ನಾವು ಬಿ.ಎಸ್ಸಿ. ಮಾಡಿದವರು, ಅದೂ ಭೌತಶಾಸ್ತ್ರ. ಕಚೇರಿಯ ಕಡತಗಳ ನಡುವೆ ಆ ವಿದ್ಯೆಗೆ ಇಷ್ಟು ವರ್ಷ ಕೆಲಸವೇ ಬಿದ್ದಿರಲಿಲ್ಲ. ಈಗ ಬಿತ್ತು. ನಮ್ಮ ಗಾಡಿಯ ಹಾರ್ನಿಗೆ ಬ್ಯಾಟರಿಯ ವಿದ್ಯುತ್ತು ಕೀಲಿಯ ಮೂಲಕ ನೇರವಾಗಿ ಬಂದು ನಿಂತಿರುತ್ತದೆ. ಹಾರ್ನಿನಿಂದ ಹೊರಟ ಇನ್ನೊಂದು ತಂತಿ ಗುಂಡಿಗೆ ಬರುತ್ತದೆ. ಗುಂಡಿ ಒತ್ತಿದರೆ ಆ ತಂತಿ ಹ್ಯಾಂಡಲಿನ ಲೋಹಕ್ಕೆ ತಗುಲಿ, ಗಾಡಿಯ ಮೈಯಿಂದಲೇ ಬ್ಯಾಟರಿಗೆ ಮರಳಿ ಮಂಡಲ ಪೂರ್ತಿಯಾಗುತ್ತದೆ. ಕೀಲಿ ತಿರುಗಿಸಿ, ಜೋತುಬಿದ್ದಿದ್ದ ತಂತಿಯನ್ನು ಎಂಜಿನ್ನಿಗೆ ಮುಟ್ಟಿಸಿದೆವು. ಹಾರ್ನ್ ಕೂಗಿತು. ರೋಗ ಗುಂಡಿಯದು ಮಾತ್ರ, ಗಂಟಲಿನದಲ್ಲ ಎಂದು ತಿಳಿಯಿತು.

ನಾನಾ ಪೇಟೆಯಲ್ಲಿ ಬಿಡಿಭಾಗದ ಅಂಗಡಿಗಳಿಗೇನು ಬರವಿಲ್ಲ. ಯೆಜ್ಡಿ ಎಂದ ಕೂಡಲೇ ಮಾತ್ರ ಎಲ್ಲರೂ ಮುಗುಳ್ನಕ್ಕು "ಜುನಾ ಬಾಜಾರಾತ್ ಬಘಾ" ಎನ್ನುವರು. ಆ ಹಳೆ ಸಾಮಾನಿನ ಸಂತೆ ಕೂಡುವುದು ಬುಧವಾರ, ಭಾನುವಾರ. ಭಾನುವಾರ ಹೋಗಿ ಗೋಣಿತಾಟಿನ ಮೇಲಿನ ರಾಶಿಗಳನ್ನು ಕೆದಕುತ್ತ, "ಇದು ಸಣ್ಣದಾಯ್ತೇನೋ" ಎಂದು ಮಗನಿಗೆ ಹೇಳುತ್ತಿದ್ದರೆ, ಕುಳಿತಿದ್ದ ವ್ಯಾಪಾರಿ ತಲೆಯೆತ್ತಿ, "ನೀವೂ ನಮ್ಮ ಕಡ್ಯಾವ್ರೇನ್ರಿ? ನಾ ಇಂಡಿ ತಾಲೂಕಿನಾಂವ ರೀ" ಎಂದ. ಇಂಡಿಗೂ ಮೈಸೂರಿಗೂ ಎಷ್ಟು ದೂರ! ಪುಣೆಯ ಸಂತೆಯಲ್ಲಿ ಅದೂ ಒಂದೇ ಕಡೆ. ಅವನೇ ರಾಶಿಯ ತಳದಿಂದ ಒಂದು ಸ್ವಿಚ್ ತೆಗೆದುಕೊಟ್ಟ. ಯೆಜ್ಡಿಯದಲ್ಲ, ಆದರೆ ಇಪ್ಪತ್ತೆರಡು ಮಿಲಿಮೀಟರಿನ ಹ್ಯಾಂಡಲಿಗೆ ಕೂಡುವಂಥದು, ನಮ್ಮದೂ ಅದೇ ಅಳತೆ. ನೂರೆಂಬತ್ತು ರೂಪಾಯಿ. ನೂರೈವತ್ತಕ್ಕೆ ಕೇಳಿದರೆ, "ನಮ್ಮವರs ಚೌಕಾಶಿ ಮಾಡಿದ್ರ ಹ್ಯಾಂಗ್ರಿ" ಎಂದು ಬಾಯಿ ಮುಚ್ಚಿಸಿದ. ಭಾಷಾಭಿಮಾನದಿಂದ ಪೈಸೆಯೂ ಉಳಿಯಲಿಲ್ಲ. ಚಹಾ ಮಾತ್ರ ಕುಡಿಸಿದ.

ಸ್ವಿಚ್ಚಿನ ತಂತಿಗಳ ಬಣ್ಣಕ್ಕೂ ನಮ್ಮ ಗಾಡಿಯ ತಂತಿಗಳ ಬಣ್ಣಕ್ಕೂ ಗೋತ್ರ ಸಂಬಂಧವಿರಲಿಲ್ಲ. ಟಾರ್ಚಿನ ಬಲ್ಬು, ಎರಡು ಸೆಲ್ಲು ಜೋಡಿಸಿ, ಯಾವ ಗುಂಡಿ ಒತ್ತಿದರೆ ಯಾವ ತಂತಿಯಲ್ಲಿ ದೀಪ ಹತ್ತುವುದೆಂದು ನೋಡಿ ಚೀಟಿ ಕಟ್ಟಿದೆವು. ಹೇಗೂ ಬಿಚ್ಚಿದೆ, ತಪಾಸಣೆಯವರ ಕಣ್ಣಿಗೂ ಚೆಂದವಿರಲಿ ಎಂದು ಬರಿದಾಗಿದ್ದ ಹ್ಯಾಂಡಲಿಗೆ ಕಪ್ಪು ಬಣ್ಣವನ್ನೂ ಬಳಿದೆವು. ಮರುದಿನ ಸ್ವಿಚ್ ಕೂರಿಸಿ, ಸ್ಕ್ರೂ ಬಿಗಿದು, ಕೀಲಿ ತಿರುಗಿಸಿ, ಮನೆಯವರನ್ನೆಲ್ಲ ಕರೆದು ಗುಂಡಿ ಒತ್ತಿದೆವು.

ಸದ್ದಿಲ್ಲ.

ಬಿಚ್ಚಿದೆವು, ಕಟ್ಟಿದೆವು, ಮತ್ತೆ ಬಿಚ್ಚಿದೆವು. ದೀಪ ಹತ್ತುತ್ತದೆ, ಡಿಪ್ಪರು ಕೆಲಸ ಮಾಡುತ್ತದೆ, ಹಾರ್ನ್ ಮಾತ್ರ ಮೌನ. ಒಂದು ಗಂಟೆಯ ಮೇಲೆ ಮೊದಲ ಮಹಡಿಯ ಕಿಟಕಿಯಿಂದ ತೀರ್ಥರೂಪರ ದನಿ ಬಂತು. "ಏನೋ, ಅಲ್ಲೆಲ್ಲ ಬಣ್ಣ ಬಳಿದಿದ್ದೀಯಲ್ಲೋ! ಅರ್ತ್ ಎಲ್ಲಿ ಸಿಗತ್ತೆ ಅದಕ್ಕೆ?"

ಎಪ್ಪತ್ತೊಂಬತ್ತರ ವಯಸ್ಸು, ಕನ್ನಡಕ ಬೇರೆ. ಅವರು ಓದಿದ್ದು ಎಸ್.ಎಸ್.ಎಲ್.ಸಿ. ಮಗ ನಮ್ಮ ಮುಖ ನೋಡಿದ. ನಾವು ಉಪ್ಪುಕಾಗದ ಹುಡುಕಲು ಹೊರಟೆವು. ಡಬ್ಬಿ ಕೂರುವ ಜಾಗದಲ್ಲಿ ಬೆರಳಗಲ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದು ಒತ್ತಿದರೆ, ಇಡೀ ಕಟ್ಟಡಕ್ಕೆ ಕೇಳಿಸಿತು. ಮೂರನೆಯ ಮಹಡಿಯವರು ಇಣುಕಿ ಬೈದರು.

ತಪಾಸಣೆಯ ದಿನ ಅಧಿಕಾರಿಗಳು ಹಾರ್ನನ್ನು ಒಂದೇ ಒಂದು ಸಲ ಒತ್ತಿದರು. ಹೊಸ ಬಣ್ಣದ ಕಡೆಗೆ ನೋಡಲೂ ಇಲ್ಲ. ಕಾಗದಕ್ಕೆ ಸಹಿಯಾಗಿ ಮನೆಗೆ ಬಂದಾಗ ತೀರ್ಥರೂಪರು ಕೇಳಿದ್ದು ಬೇರೆಯೇ:

"ಹಳೇ ಗುಂಡಿ ಎಲ್ಲಿ?"

ಕಸದ ಬುಟ್ಟಿಯಿಂದ ಹುಡುಕಿ ತಂದುಕೊಟ್ಟೆವು. ಬೆರಳೊತ್ತಿ ಸವೆದು ನಡುವೆ ತಗ್ಗಾಗಿತ್ತು. ಒರೆಸಿ, ಖಾಲಿಯಾಗಿದ್ದ ನಶ್ಯದ ಡಬ್ಬಿಯಲ್ಲಿ ಹಾಕಿಟ್ಟುಕೊಂಡರು.