ಎರಡನೇ ಪಟ್ಟಿ ಬರೋವರೆಗೆ

ಮಂಡ್ಯ ಜಿಲ್ಲೆಯ ನವೋದಯ ಶಾಲೆಯಲ್ಲಿ 6ನೇ ತರಗತಿಗೆ ಇರೋದು 80 ಸೀಟು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೇರಿ ಎಲ್ಲ ತಾಲ್ಲೂಕಿನ ಕಣ್ಣೂ ಅದರ ಮೇಲೇ. 6ಕ್ಕೆ ಎರಡನೇ ಸಲ ಪರೀಕ್ಷೆ ಬರೆಯೋ ಹಾಗಿಲ್ಲ. ಅದಕ್ಕೇ ಅಕ್ಕನ ಮಗನ ಹೆಸರು ಮೊದಲ ಪಟ್ಟಿಯಲ್ಲಿ ಇಲ್ಲದಾಗ ಮನೆಯೆಲ್ಲ ಮಂಕಾಯ್ತು.

"ಎಲ್ಡ್ನೇ ಲಿಸ್ಟು ಬುಟ್ಟವ್ರೇನ್ಲಾ?" ಕೆ.ಆರ್.ಪೇಟೆಯಿಂದ ಅಕ್ಕ ದಿನಾ ಫೋನ್ ಮಾಡ್ತಾಳೆ.

ಆಯ್ಕೆಯಾದವರು ಸೇರದಿದ್ದರೆ, ದಾಖಲೆ ಸರಿಯಿಲ್ಲದಿದ್ದರೆ ಸೀಟು ಖಾಲಿಯಾಗುತ್ತೆ. ಅದು ಕಾಯುತ್ತಿರುವವರಿಗೆ. ಎಷ್ಟು, ಯಾವಾಗ ಅನ್ನೋದು ನಮ್ಮ ಕೈಲಿಲ್ಲ. ನಮ್ಮ ಕೈಲಿರೋದನ್ನ ಮಾಡಿದ್ದೀವಿ. ಜಾತಿ, ವಾಸಸ್ಥಳದ ಪ್ರಮಾಣಪತ್ರ ಫೈಲಿನಲ್ಲಿವೆ. ಅರ್ಜಿಯಲ್ಲಿ ಕೊಟ್ಟ ನಂಬರಿಗೆ ರೀಚಾರ್ಜ್ ತಪ್ಪಿಸಿಲ್ಲ. ಮೊರಾರ್ಜಿ ವಸತಿ ಶಾಲೆಗೂ ಪರೀಕ್ಷೆ ಬರೆಸಿದ್ದೀವಿ, ಅಲ್ಲಿನ ಸೀಟು ಹಂಚಿಕೆಯ ಸುತ್ತುಗಳನ್ನ ನಾನೇ ನೋಡ್ಕೋತೀನಿ. "ಸೀಟು ಕೊಡಿಸ್ತೀನಿ" ಅಂದವನಿಗೆ ಕೈಮುಗಿದು ಕಳಿಸಿದ್ದಾಯ್ತು. ಊರಿನ ಶಾಲೆಗೆ ದಾಖಲಾತಿಯೂ ಆಗಿದೆ.

ನಿನ್ನೆ ಅಕ್ಕನ ಫೋನ್ ಕಿತ್ಕೊಂಡು ಹುಡುಗ ಕೇಳಿದ: "ಮಾವ, ಸಿಗ್ನಿಲ್ಲ ಅಂದ್ರೆ ಅಪ್ಪ ಬೇಜಾರ್ ಮಾಡ್ಕತಾರಾ?"

9ನೇ ತರಗತಿಯ ಖಾಲಿ ಸೀಟಿಗೂ ಪರೀಕ್ಷೆ ಇದೆ ಅಂತ ಹೇಳೋಕೆ ಹೊರಟಿದ್ದೆ. ಅದು ಅವನ ಪ್ರಶ್ನೆಗೆ ಉತ್ತರ ಅಲ್ಲ. "ಇಲ್ಲ ಕಣೋ, ಹೋಗಿ ಆಟ ಆಡ್ಕೋ" ಅಂದೆ. ಆಮೇಲೆ ಭಾವನಿಗೆ ಫೋನ್ ಮಾಡಿದೆ, ಈ ಮಾತನ್ನ ಅವರೇ ಅವನಿಗೆ ಹೇಳಲಿ ಅಂತ.