ಪಿನಾಕಿನಿಯ ದಡದ ಕೊತ್ತಂಬರಿ

ಕಳೆದ ಶ್ರೀರಾಮನವಮಿಗೆ ಹೊಸೂರಿನ ಸಮೀಪದ ಬಂಧುಗಳ ಮನೆಗೆ ಹೋಗಿದ್ದ ನಾವು ಬೆಳಿಗ್ಗೆಯೇ ಕೆಲವರಪಳ್ಳಿ ಅಣೆಕಟ್ಟೆಯನ್ನು ನೋಡಿಬಂದೆವು. ನಂದಿದುರ್ಗದ ಸೀಮೆಯಿಂದ ಇಳಿದುಬರುವ ದಕ್ಷಿಣ ಪಿನಾಕಿನಿಗೆ ಇಲ್ಲಿ ಕಟ್ಟೆ ಹಾಕಿದ್ದಾರೆ. ಆದರೆ ಈ ನೀರೆಲ್ಲವೂ ನಂದಿಯದಲ್ಲ. ಬೆಂಗಳೂರಿನ ಬಚ್ಚಲು, ಶೌಚಾಲಯಗಳ ನೀರೂ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ಈ ಹೊಳೆಯನ್ನು ಸೇರುತ್ತದೆ. ನೀರು ಧುಮುಕುವಲ್ಲಿ ಬೆಳ್ಳನೆಯ ನೊರೆ ರಾಶಿಯಾಗಿತ್ತು.

“ಮಳೆ ಕೈಕೊಟ್ಟರೂ ಈ ನೀರು ಕೈಕೊಡದು ಭಾವ, ಗೊಬ್ಬರವೂ ಕಡಿಮೆ ಸಾಕು” ಎಂದರು ನಮ್ಮ ಬಂಧುಗಳು. ಮಾತು ನಿಜವೇ, ಕೊಳಚೆ ನೀರಿನಲ್ಲಿ ಸಾರಜನಕ, ರಂಜಕಗಳು ಇದ್ದೇ ಇರುತ್ತವೆ. ನೊರೆಯಾದರೋ ಬಹುಮಟ್ಟಿಗೆ ಮಾರ್ಜಕಗಳ ಫಲ. ಅದಕ್ಕಿಂತ ಅಂಜಬೇಕಾದುದು ಕಣ್ಣಿಗೆ ಕಾಣದ ಇ. ಕೊಲೈ, ಸಾಲ್ಮೊನೆಲ್ಲಾಗಳಂಥ ರೋಗಾಣುಗಳಿಗೆ. ನೀರು ತಿಳಿಯಾಗಿ ಕಂಡಾಗಲೂ ಅವು ಇರಬಲ್ಲವು.

ಮಧ್ಯಾಹ್ನ ಎಲೆಗೆ ಕೋಸಂಬರಿ ಬಂದಿತು. ಮೇಲೆ ಅವರದೇ ಹೊಲದ ಹಸಿ ಕೊತ್ತಂಬರಿ. ನಮ್ಮ ಕೈ ತಡೆದುದನ್ನು ಮನೆಯ ಹಿರಿಯರು ಗಮನಿಸಿದರು. ಮುಚ್ಚಿಡದೆ ಹೇಳಿದೆವು.

ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್‌ಗಳು 1000ವನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. 2006ರಲ್ಲಿ ಅದು ಹೊಲದಿಂದ ಅಡುಗೆಮನೆಯವರೆಗೆ ಹಲವು ತಡೆಗಳನ್ನು ಸೂಚಿಸಿತು. ಹನಿ ನೀರಾವರಿಯಿಂದ ಎಲೆ ನೆನೆಯದು. ಕೊಯ್ಲಿಗೆ ಕೆಲವು ದಿನ ಮುಂಚೆ ನೀರು ನಿಲ್ಲಿಸಿದರೆ ಬಿಸಿಲಿಗೆ ರೋಗಾಣುಗಳು ಸಾಯುತ್ತವೆ. ಶುದ್ಧ ನೀರಿನಲ್ಲಿ ತೊಳೆದರೂ ಸುಮಾರು 10ರಲ್ಲಿ 1 ಪಾಲು ಉಳಿದೀತು. ಚೆನ್ನಾಗಿ ಬೇಯಿಸಿದರೆ ಅಪಾಯ ಬಹಳ ಮಟ್ಟಿಗೆ ನೀಗುತ್ತದೆ. ಕಾರ್ಖಾನೆಯ ಲೋಹಗಳ ಮಾತು ಬೇರೆ. ಅವು ಬೆಂಕಿಗೂ ಬಗ್ಗವು.

ಹಿರಿಯರು ಸಿಟ್ಟಾಗಲಿಲ್ಲ. “ಹಾಗಾದರೆ ಕಾಲುವೆಯ ಮಡಿಗೆ ಬದನೆ, ಹೀರೆ ಇರಲಿ. ಕೊತ್ತಂಬರಿಯನ್ನು ಹಿತ್ತಲಲ್ಲಿ ಮಳೆನೀರಿನ ತೊಟ್ಟಿಯ ಬಳಿ ಹಾಕೋಣ” ಎಂದರು. ಅಂದಿನ ಉಳಿದ ಸೊಪ್ಪು ಕುದಿಯುವ ಸಾರಿಗೆ ಬಿದ್ದಿತು.

ಗಡಿಯಾಚೆಯ ನಮ್ಮ ಮನೆಗಳ ಮಕ್ಕಳು ಅನೇಕರು ಬೆಂಗಳೂರಿನಲ್ಲಿಯೇ ದುಡಿಯುತ್ತಿದ್ದಾರೆ. ಅವರು ಚೆಲ್ಲಿದ ನೀರು ತಾಯಿಯ ಮನೆಯ ಎಲೆಗೇ ಮರಳುತ್ತಿದೆ. ಅದನ್ನು ಶುದ್ಧಗೊಳಿಸಿ ಹೊಳೆಗೆ ಬಿಡಿರೆಂದು ಮೊದಲು ಕೇಳಬೇಕಾದವರು ಅವರೇ ಅಲ್ಲವೆ?